ಬಿಲ್ಲಿನಲ್ಲಿ ಬರೆದದ್ದು, ಕೈಗೆ ಬಂದದ್ದು

ಹಳೆಯ ಮೈಸೂರು ಸೀಮೆಯ ಪೇಟೆಗಳಲ್ಲಿ ಚಿನಿವಾರನೆಂಬಾತನಿರುತ್ತಿದ್ದ. ಬೇರೆ ಸೀಮೆಯ ನಾಣ್ಯ ತಂದವರು ಮೊದಲು ಅವನೆದುರು ಕುಳಿತುಕೊಳ್ಳಬೇಕು. ಆತ ನಾಣ್ಯವನ್ನು ತಟ್ಟಿ, ಉಜ್ಜಿ, ತೂಗಿ ನೋಡಿ, ಇದಕ್ಕೆ ಇಷ್ಟು ಕಂಠೀರಾಯ ಹಣ ಎಂದು ಹೇಳಿ, ತನ್ನ ವಟ್ಟವನ್ನು ಮುರಿದುಕೊಂಡು ಉಳಿದುದನ್ನು ಎಣಿಸಿ ಕೊಡುತ್ತಿದ್ದ. ಅವನ ಲೆಕ್ಕ ಎಲ್ಲರಿಗೂ ರುಚಿಸುತ್ತಿತ್ತೆಂದಲ್ಲ. ಆದರೆ ಅದು ಕಣ್ಣೆದುರಿಗೇ ನಡೆಯುತ್ತಿತ್ತು. ಒಂದೆರಡು ಮಾತು ಚೌಕಾಸಿಗೆ ಎಡೆಯಿತ್ತು. ಚಿನಿವಾರ ಈಗಲೂ ಇದ್ದಾನೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಇಂದು ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಕುಳಿತಲ್ಲಿಂದಲೇ ಪರದೇಶದವರಿಗೆ ಕೆಲಸಮಾಡಿಕೊಡುವ ಮಕ್ಕಳಿದ್ದಾರೆ. ಅನುವಾದ ಮಾಡುವವರು, ಲೆಕ್ಕ ಬರೆಯುವವರು, ಚಿತ್ರ ಬರೆಯುವವರು. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಮೈಸೂರಿನ ಒಂದು ಹುಡುಗಿ ಅಮೆರಿಕದ ಪ್ರಕಾಶಕರೊಬ್ಬರಿಗೆ ಮಕ್ಕಳ ಪುಸ್ತಕದ ಚಿತ್ರಗಳನ್ನು ಬರೆದುಕೊಟ್ಟಳೆಂದು ಇಟ್ಟುಕೊಳ್ಳಿ. ತಮ್ಮನ ಕಾಲೇಜಿನ ಶುಲ್ಕಕ್ಕೆ ನಲವತ್ತು ಸಾವಿರ ರೂಪಾಯಿ ಬೇಕು. ಕೆಲಸಕ್ಕೂ ಅದೇ ಬೆಲೆ ಗೊತ್ತಾಗಿದೆ. 40,000 ರೂಪಾಯಿ ಎಂದು ಬಿಲ್ಲು ಬರೆದು ಕಳುಹಿಸಿದರೆ ಮುಗಿಯಿತಲ್ಲವೆ?

ಮುಗಿಯುವುದಿಲ್ಲ. ಅಂತರಜಾಲದ ಮೂಲಕ ಹಣ ತಲುಪಿಸುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಹೆಸರಾದ ಪೇಪಾಲ್ ಅನ್ನೇ ನೋಡಿ. ಅಲ್ಲಿ ರೂಪಾಯಿಗೆ ಸಲ್ಲುತ್ತಿದ್ದ ಜಾಗ ಭಾರತದ ಖಾತೆಗಳ ನಡುವಣ ವ್ಯವಹಾರವೊಂದೇ. ಆ ಸಂಸ್ಥೆ 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿಯ ಸೇವೆಯನ್ನು ನಿಲ್ಲಿಸಿದಾಗ ಆ ಜಾಗವೂ ಹೋಯಿತು. ಹೊರದೇಶದ ಗಿರಾಕಿಗೆ ಡಾಲರಿನಲ್ಲೋ ಪೌಂಡಿನಲ್ಲೋ ಯೂರೋದಲ್ಲೋ ಬಿಲ್ಲು ಬರೆಯಬೇಕು. ಹಣ ಮಾತ್ರ ರೂಪಾಯಿಯಾಗಿ ನಮ್ಮ ಬ್ಯಾಂಕಿಗೆ ಬರುತ್ತದೆ.

ರಿಜರ್ವ್ ಬ್ಯಾಂಕು ಈ ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ತೆರೆಯಿತು. 2010ರ ನವೆಂಬರಿನಲ್ಲಿ ಒಂದು ರಫ್ತಿನ ವ್ಯವಹಾರಕ್ಕೆ 500 ಡಾಲರ್ ಎಂಬ ಮಿತಿಯಿತ್ತು. 2011ರಲ್ಲಿ 3,000, 2013ರಲ್ಲಿ 10,000 ಡಾಲರ್ ಆಯಿತು. 2023ರ ಅಕ್ಟೋಬರಿನಲ್ಲಿ ಇಂಥ ಸಂಸ್ಥೆಗಳಿಗಾಗಿ ಹೊಸ ನಿಯಮಾವಳಿಯೇ ಬಂದಿತು. ನಡುವೆ 2022ರ ಜುಲೈನಲ್ಲಿ ವಿದೇಶವ್ಯಾಪಾರದ ಬಿಲ್ಲನ್ನು ರೂಪಾಯಿಯಲ್ಲಿಯೇ ಬರೆಯಲು ಅಪ್ಪಣೆಯಾದುದೂ ನಿಜ. ಆದರೆ ಅದು ಬ್ಯಾಂಕು ಬ್ಯಾಂಕುಗಳ ನಡುವೆ ತೆರೆದ ವಿಶೇಷ ರೂಪಾಯಿ ಖಾತೆಗಳ ಹಾದಿ. ನಮ್ಮ ಚಿತ್ರಗಾರ್ತಿಯ ಹಾದಿ ಬೇರೆ.

ಆದುದರಿಂದ ಆಕೆ ಬೆಳಗಿನ ಪತ್ರಿಕೆಯಲ್ಲಿ ವಿನಿಮಯದ ದರ ನೋಡಿದಳು. ಲೆಕ್ಕದ ಸೌಕರ್ಯಕ್ಕಾಗಿ ಡಾಲರಿಗೆ 80 ರೂಪಾಯಿ ಎಂದುಕೊಳ್ಳೋಣ. ನಲವತ್ತು ಸಾವಿರವನ್ನು ಎಂಬತ್ತರಿಂದ ಭಾಗಿಸಿ 500 ಡಾಲರಿನ ಬಿಲ್ಲು ಬರೆದಳು. ಪ್ರಕಾಶಕರು ಸಭ್ಯರು, ಪೂರಾ 500 ಡಾಲರನ್ನೂ ಸಲ್ಲಿಸಿದರು. ನಡುವಿನ ಸಂಸ್ಥೆ ನೂರಕ್ಕೆ ಐದರಂತೆ ತನ್ನ ಶುಲ್ಕ ಹಿಡಿಯಿತೆನ್ನಿ; 25 ಡಾಲರ್ ಹೋಗಿ 475 ಉಳಿಯಿತು. ಇದು ಕಾಣುವ ವಟ್ಟ. ಇನ್ನು ಕಾಣದ್ದು. ರೂಪಾಯಿಗೆ ಬದಲಿಸುವಾಗ ಆ ಸಂಸ್ಥೆ ಪೇಟೆಯ ದರಕ್ಕಿಂತ ನೂರಕ್ಕೆ ಮೂರು ಕಡಿಮೆ, ಅಂದರೆ 77 ರೂಪಾಯಿ 60 ಪೈಸೆ ಕೊಟ್ಟಿತೆನ್ನಿ. ಖಾತೆಗೆ ಬಂದದ್ದು 36,860 ರೂಪಾಯಿ. ಮೂರು ಸಾವಿರದ ನೂರ ನಲವತ್ತು ರೂಪಾಯಿ ದಾರಿಯಲ್ಲೇ ಸೋರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬುದು ಇದಕ್ಕೇ.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಶುಲ್ಕವೂ ದರವೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತವೆ. ಎರಡನ್ನೂ ಸಂಸ್ಥೆಯ ಷರತ್ತುಗಳಲ್ಲಿ ಹುಡುಕಿ ನೋಡಬೇಕು. ಆಕೆ ತಪ್ಪಿದ್ದು ಒಂದೇ ಕಡೆ. ಬಿಲ್ಲಿನಲ್ಲಿ ಯಾವ ನಾಣ್ಯ ಬರೆಯುತ್ತೇವೆಯೋ ಅದರ ಮೇಲೆ ನಷ್ಟ ಯಾರ ಪಾಲಿಗೆಂಬುದು ನಿಲ್ಲುತ್ತದೆ. ಡಾಲರಿನಲ್ಲಿ ಬರೆದೊಡನೆ ಕೊಳ್ಳುವವರು ನಿಶ್ಚಿಂತರು. ದರದ ಏರಿಳಿತ, ಬದಲಾವಣೆಯ ಖರ್ಚು ಎಲ್ಲವೂ ದುಡಿದವಳ ತಲೆಯ ಮೇಲೆ. ಬಿಲ್ಲು ಬರೆದ ದಿನಕ್ಕೂ ಹಣ ಬಂದ ದಿನಕ್ಕೂ ತಿಂಗಳ ಅಂತರವಿದ್ದರೆ, ಆ ತಿಂಗಳ ಏರಿಳಿತವೂ ಅವಳದೇ.

ಹಾಗಾದರೆ ಮಾಡಬೇಕಾದುದೇನು? ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ಕೈಗೆ ಬರಬೇಕಾದುದು ನಲವತ್ತು ಸಾವಿರವಾದರೆ, ಮೇಲಿನ ದರಗಳಲ್ಲಿ 543 ಡಾಲರ್ ಬರೆಯಬೇಕಾಗಿತ್ತು. ಕೆಲಸ ಒಪ್ಪುವ ಮೊದಲೇ ಹೇಳಿದರೆ ಇದು ಬೆಲೆ. ಕೆಲಸ ಮುಗಿದ ಮೇಲೆ ಹೇಳಿದರೆ ತಕರಾರು. ಇನ್ನೊಂದು ಮಾತು: ಕೊಳ್ಳುವವರು ಲಂಡನ್ನಿನವರಾದರೆ ರೂಢಿಯ ಬಲದಿಂದ ಡಾಲರಿನಲ್ಲಿ ಬರೆಯಬೇಡಿ. ಪೌಂಡು ಡಾಲರಾಗಿ, ಡಾಲರು ರೂಪಾಯಿಯಾಗಿ, ಇಬ್ಬರು ಚಿನಿವಾರರನ್ನು ಸಾಕಬೇಕಾದೀತು. ಪೌಂಡಿನಲ್ಲಿ ಬರೆದರೆ ಒಬ್ಬನೇ ಸಾಕು. ದೊಡ್ಡ ಮೊತ್ತವಾದರೆ ನೇರವಾಗಿ ಬ್ಯಾಂಕಿನ ಮೂಲಕ ತರಿಸುವುದು ಅಗ್ಗವೇ ಎಂದು ವಿಚಾರಿಸಿ ನೋಡಿ.

ಕಾಗದಪತ್ರಗಳ ಮಾತು ಬೇಸರದ್ದು, ಆದರೂ ಹೇಳಲೇಬೇಕು. ಹಣ ನಮ್ಮ ಖಾತೆಗೆ ರೂಪಾಯಿಯಾಗಿ ಬರುವುದರಿಂದ, ಪಾಸುಪುಸ್ತಕದ ಸಾಲನ್ನು ನೋಡಿದವರಿಗೆ ಅದು ಊರೊಳಗಿನ ಹಣದಂತೆಯೇ ಕಂಡೀತು. ಜಿ.ಎಸ್.ಟಿ. ಕಾನೂನಿನಲ್ಲಿ ಸೇವೆಯ ರಫ್ತಿಗೆ ತೆರಿಗೆಯ ಹೊರೆಯಿಲ್ಲ. ಆದರೆ ಹಣವು ವಿದೇಶೀ ವಿನಿಮಯವಾಗಿ, ಇಲ್ಲವೆ ರಿಜರ್ವ್ ಬ್ಯಾಂಕು ಒಪ್ಪಿದೆಡೆ ರೂಪಾಯಿಯಾಗಿ, ಬಂದಿರಬೇಕೆಂಬುದು ಅಲ್ಲಿನ ಷರತ್ತುಗಳಲ್ಲೊಂದು. ಅದಕ್ಕೆ ಸಾಕ್ಷಿಯಾಗಿ, ಹೊರದೇಶದಿಂದ ಹಣ ಬಂದ ಬಗೆಗಿನ ಪತ್ರವನ್ನು ಪಡೆದು ಬಿಲ್ಲಿನ ಜೊತೆಗೆ ಹೊಲಿದಿಡಿ. ಬಿಲ್ಲಿನ ಮೊತ್ತವನ್ನು ಬಂದ ಹಣಕ್ಕೆ ಸರಿಯಾಗುವಂತೆ ತಿದ್ದಬೇಡಿ. ಬಿಲ್ಲು 500 ಡಾಲರಿನದೇ ಇರಲಿ. ಶುಲ್ಕವನ್ನು ಖರ್ಚೆಂದೂ ದರದ ವ್ಯತ್ಯಾಸವನ್ನು ನಷ್ಟವೆಂದೂ ಬೇರೆಬೇರೆಯಾಗಿ ಬರೆಯಿರಿ. ನಿಮ್ಮ ಲೆಕ್ಕಪರಿಶೋಧಕರಿಗೂ ಒಂದು ದಿನದ ತಲೆನೋವು ತಪ್ಪುತ್ತದೆ.

ಹನಿ ಹನಿ ಕೂಡಿದರೆ ಹಳ್ಳವೆಂದು ಹಿರಿಯರು ಹೇಳಿದ್ದು ಕೂಡಿಸುವವರಿಗೆ. ಸೋರುವುದಕ್ಕೂ ಅದೇ ಗಣಿತ. ತಿಂಗಳಿಗೊಂದು ಇಂಥ ಬಿಲ್ಲಾದರೆ ವರ್ಷಕ್ಕೆ ಮೂವತ್ತೇಳು ಸಾವಿರ ರೂಪಾಯಿಗೂ ಹೆಚ್ಚು, ಸರಿಸುಮಾರು ಒಂದು ತಿಂಗಳ ದುಡಿಮೆ. ಇಂದು ಸಂಜೆ ನಿಮ್ಮ ಮನೆಯ ಚಿತ್ರಗಾರ್ತಿ ಬಿಲ್ಲು ಬರೆಯಲು ಕುಳಿತಾಗ, ಪಕ್ಕದಲ್ಲಿ ಕುಳಿತು ಒಂದೇ ಒಂದು ಪ್ರಶ್ನೆ ಕೇಳಿ: “ಇದರಲ್ಲಿ ನಮ್ಮ ಮನೆಗೆ ಬರುವುದು ಎಷ್ಟಮ್ಮ?”