ಮೂವತ್ತು ಸೆಕೆಂಡಿನ ಸಂಗೀತಗಾರರು

ಆಕಾಶವಾಣಿಯಲ್ಲಿ ಒಂದು ಒಳ್ಳೆಯ ರೂಢಿ ಇದೆ. ಚಿತ್ರಗೀತೆ ಹಾಕುವಾಗ ಚಿತ್ರದ ಹೆಸರು, ಬರೆದವರು, ಸಂಗೀತ ನೀಡಿದವರು, ಹಾಡಿದವರು ಎಂದು ಎಲ್ಲರ ಹೆಸರನ್ನೂ ಹೇಳುತ್ತಾರೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹೆಸರುಗಳು ಕನ್ನಡದ ಮನೆಮನೆಗೆ ತಲುಪಿದ್ದು ಹೀಗೆ. ಆದರೆ ಎರಡು ಹಾಡುಗಳ ನಡುವೆ ಸಾಬೂನಿನದೋ ಸೀರೆ ಅಂಗಡಿಯದೋ ಒಂದು ಪುಟ್ಟ ಹಾಡು ಬಂದುಹೋಗುತ್ತದಲ್ಲ, ಅದನ್ನೂ ಯಾರೋ ಕೂತು ಕಟ್ಟಿರುತ್ತಾರೆ. ಮಕ್ಕಳ ಬಾಯಿಗೆ ಎಷ್ಟೋ ಸಲ ಚಿತ್ರಗೀತೆಗಿಂತ ಮೊದಲು ಅದೇ ಬರುತ್ತದೆ. ಕಟ್ಟಿದವರು ಯಾರೆಂದು ಮಾತ್ರ ಯಾರೂ ಹೇಳುವುದಿಲ್ಲ. ನಾನೂ ಅದೇ ಕಸುಬಿನವನು. ಯಾವ ಸಂಸ್ಥೆಯ ಸಂಬಳವೂ ಇಲ್ಲದೆ, ಕೆಲಸ ಬಂದಾಗ ಜಾಹೀರಾತಿಗೆ ಸಂಗೀತ ಮಾಡಿಕೊಟ್ಟು ಬದುಕುವವನು. ಈ ಕಸುಬು ಎಲ್ಲಿಂದ ಬಂತು, ಇದರಲ್ಲಿ ಯಾರು ದುಡಿದರು ಎಂಬುದನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ರೇಡಿಯೋದಲ್ಲಿ ಹಾಡಿದ ಮೊದಲ ಜಾಹೀರಾತು ಎಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಮಿನಿಯಾಪೊಲಿಸ್ ನಗರದ್ದನ್ನು. 1926ರ ಡಿಸೆಂಬರ್ 24ರ ಸಂಜೆ, ವೀಟೀಸ್ ಎಂಬ ಗೋಧಿ ತಿಂಡಿಗಾಗಿ ನಾಲ್ವರು ಗಾಯಕರು ಆಗಿನ ಒಂದು ಜನಪ್ರಿಯ ಹಾಡಿನ ಧಾಟಿಯಲ್ಲಿ ಹಾಡಿದರು. ಮೂರು ವರ್ಷವಾದರೂ ತಿಂಡಿ ಹೇಳಿಕೊಳ್ಳುವಂತೆ ಮಾರಾಟವಾಗಲಿಲ್ಲ. 1929ರಲ್ಲಿ ಅದನ್ನು ನಿಲ್ಲಿಸಿಬಿಡುವ ಯೋಚನೆ ಬಂದಾಗ ಲೆಕ್ಕ ತೆಗೆದು ನೋಡಿದರೆ, ಮಾರಾಟವಾದ ಸುಮಾರು 53,000 ಪೆಟ್ಟಿಗೆಗಳಲ್ಲಿ 30,000ದಷ್ಟು ಆ ಹಾಡು ಕೇಳಿಬರುತ್ತಿದ್ದ ಊರಿನ ಸುತ್ತಮುತ್ತಲೇ ಹೋಗಿದ್ದವು. ಹಾಡು ಸರಕನ್ನು ಮಾರುತ್ತದೆ ಎಂಬುದಕ್ಕೆ ವ್ಯಾಪಾರಿಗಳಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ನಮ್ಮಲ್ಲಿ ಇಂಥ ಹಾಡಿಗೆ ರೇಡಿಯೋದ ಬಾಗಿಲು ತಡವಾಗಿ ತೆರೆಯಿತು. ಆಕಾಶವಾಣಿ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. 1952ರಲ್ಲಿ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲಕ್ಕೆ ಚಿತ್ರಗೀತೆಗಳಿಗೂ ಅಲ್ಲಿ ಜಾಗವಿಲ್ಲದಂತಾಯಿತು. ಕೇಳುಗರು ಮುಳ್ಳು ತಿರುಗಿಸಿ ಕೊಲಂಬೊದ ರೇಡಿಯೋ ಸಿಲೋನ್ ಹಿಡಿದರು, ಕಂಪನಿಗಳೂ ಅವರ ಹಿಂದೆಯೇ ಹೋದವು. ಅದೇ ವರ್ಷ ಒಂದು ಟೂತ್‌ಪೇಸ್ಟಿನ ಹೆಸರಿನಲ್ಲೇ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿಯವರ ದನಿ ದಕ್ಷಿಣ ಭಾರತದ ಊರುಗಳನ್ನೂ ಬಿಡಲಿಲ್ಲ. 1957ರ ಅಕ್ಟೋಬರ್ 3ರಂದು ಆಕಾಶವಾಣಿಯ ವಿವಿಧ ಭಾರತಿ ಬಂತು. ಅದರಲ್ಲಿ ಜಾಹೀರಾತಿಗೆ ಅವಕಾಶ ಸಿಕ್ಕಿದ್ದು ಮತ್ತೂ ಹತ್ತು ವರ್ಷದ ಮೇಲೆ, 1967ರ ನವೆಂಬರ್ 1ರಿಂದ. ದೂರದರ್ಶನ ಜಾಹೀರಾತಿಗೆ 1976ರ ಜನವರಿ 1ರಂದು ಬಾಗಿಲು ತೆಗೆಯಿತು.

ಅದಕ್ಕೂ ಮೊದಲು ಸಿನಿಮಾ ಮಂದಿರಗಳಿದ್ದವು. ಮುಖ್ಯ ಚಿತ್ರಕ್ಕೆ ಮುನ್ನ ತೋರಿಸುವ ಜಾಹೀರಾತು ಚಿತ್ರಗಳಿಗೆ ಸಿದ್ಧ ಗ್ರಾಮಫೋನ್ ತಟ್ಟೆಗಳ ಸಂಗೀತ ಅಂಟಿಸುವುದೇ ವಾಡಿಕೆ. ಅದಕ್ಕೆಂದೇ ಹೊಸ ಸಂಗೀತ ಬರೆಯುವ ಕೆಲಸವನ್ನು ಇಲ್ಲಿ ಮೊದಲು ಮಾಡಿದವರು ವನರಾಜ್ ಭಾಟಿಯಾ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತವರು, ಪ್ಯಾರಿಸ್ಸಿನಲ್ಲಿ ನಾಡಿಯಾ ಬುಲಾಂಜೆ ಅವರಲ್ಲಿ ಶಿಷ್ಯವೃತ್ತಿ ಮಾಡಿದವರು. 1959ರಲ್ಲಿ ಭಾರತಕ್ಕೆ ಮರಳಿದಾಗ ಅಷ್ಟು ವಿದ್ಯೆಗೆ ಇಲ್ಲಿ ಕೆಲಸ ಎಲ್ಲಿತ್ತು? ಶಕ್ತಿ ಸಿಲ್ಕ್ ಸೀರೆಗಳ ಜಾಹೀರಾತಿಗೆ ಅವರು ಮಾಡಿದ ಸಂಗೀತದಿಂದ ಈ ಕಸುಬು ಆರಂಭವಾಯಿತೆನ್ನಬಹುದು. ಮುಂದೆ ಅವರು ಮಾಡಿದ ಜಾಹೀರಾತುಗಳ ಲೆಕ್ಕ 7,000 ದಾಟುತ್ತದೆ. 1975ರ ಲಿರಿಲ್ ಸಾಬೂನಿನ ಜಲಪಾತದ ಚಿತ್ರ ನೆನಪಿದ್ದವರಿಗೆ ಅದರ ಟ್ಯೂನೂ ನೆನಪಿರುತ್ತದೆ. ಅದು ಅವರದೇ. ನಮ್ಮ ಅನಂತನಾಗ್ ಹಿಂದಿಗೆ ಕಾಲಿಟ್ಟ ‘ಅಂಕುರ್’, ಗಿರೀಶ ಕಾರ್ನಾಡರು ನಟಿಸಿದ ‘ಮಂಥನ್’, ಇವೆರಡರ ಸಂಗೀತವೂ ಅವರದೇ. 1976ರ ‘ಮಂಥನ್’ಗೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿದ್ದರು. ಅದರಲ್ಲಿ ಪ್ರೀತಿ ಸಾಗರ್ ಹಾಡಿದ ಹಾಡನ್ನು ಆಮೇಲೆ ಅಮುಲ್ ತನ್ನ ಜಾಹೀರಾತಿಗೆ ಬಳಸಿಕೊಂಡಿತು. ಸಿನಿಮಾದವರು, ಜಾಹೀರಾತಿನವರು ಎಂದು ಸಂಗೀತಗಾರರನ್ನು ಎರಡು ಪಂಕ್ತಿಯಲ್ಲಿ ಕೂರಿಸುವವರು ಈ ಒಬ್ಬರ ಬದುಕನ್ನು ನೋಡಿದರೆ ಸಾಕು.

ಈ ಕೆಲಸದ ಕಷ್ಟ ಎಲ್ಲಿದೆಯೆಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಜಾಹೀರಾತಿಗೆ ಸಿಗುವುದು ಮೂವತ್ತು ಸೆಕೆಂಡು. ನಿಮಿಷಕ್ಕೆ 120 ಪೆಟ್ಟಿನ ಲಯ ಹಿಡಿದಿರಿ ಎನ್ನಿ, ಆಗ ಅರವತ್ತು ಪೆಟ್ಟು ಸಿಗುತ್ತವೆ. ಎಂಟಕ್ಷರದ ಆದಿತಾಳದಲ್ಲಿ ಅದು ಏಳೂವರೆ ಆವರ್ತ. ಆ ಅರ್ಧ ಆವರ್ತ ಅಂಗಳದಲ್ಲಿ ಅಡ್ಡ ಬಿದ್ದ ಕಂಬದ ಹಾಗೆ ತೊಡರುತ್ತದೆ. ಸರಕಿನ ಹೆಸರು ಬರಬೇಕಾದ ಜಾಗದಲ್ಲೇ ತಾಳ ಕೈ ಕೊಡುತ್ತದೆ. ಲಯವನ್ನು 128ಕ್ಕೆ ಏರಿಸಿದರೆ ಅರವತ್ತನಾಲ್ಕು ಪೆಟ್ಟು, ಸರಿಯಾಗಿ ಎಂಟು ಆವರ್ತ. ಆದರೆ ಗ್ರಾಹಕರು ಅದನ್ನೇ ಇಪ್ಪತ್ತು ಸೆಕೆಂಡಿಗೆ, ಹತ್ತು ಸೆಕೆಂಡಿಗೆ ಕತ್ತರಿಸಿ ಕೊಡಿ ಎಂದಾಗ ಲೆಕ್ಕ ಮತ್ತೆ ತಪ್ಪುತ್ತದೆ. ಲಯ 96 ಆಗಿದ್ದರೆ ಹತ್ತಕ್ಕೆ ಎರಡು, ಇಪ್ಪತ್ತಕ್ಕೆ ನಾಲ್ಕು, ಮೂವತ್ತಕ್ಕೆ ಆರು ಆವರ್ತ. ಎಲ್ಲಿ ಕತ್ತರಿಸಿದರೂ ಸಮಕ್ಕೇ ಬಂದು ಕೂರುತ್ತದೆ. ಮೊದಲ ಸ್ವರ ಹುಟ್ಟುವ ಮುನ್ನವೇ ಈ ಗಣಿತ ಮುಗಿದಿರಬೇಕು. ಕೊನೆಯ ಎರಡು ಮೂರು ಸೆಕೆಂಡನ್ನು ಮಾತಿಗೆ ಬಿಟ್ಟುಕೊಟ್ಟಿರಬೇಕು, ತಂಬೂರದ ನಾದ ಪೂರ್ತಿ ಅಡಗಲು ಒಂದಿಷ್ಟು ಹೊತ್ತು ಉಳಿಸಿರಬೇಕು.

ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕು. ದೊಡ್ಡ ಕಂಪನಿಗಳ ಟ್ಯೂನು ಮುಂಬಯಿಯಲ್ಲಿ ಹುಟ್ಟುತ್ತಿತ್ತು. ಅದರ ಮೇಲೆ ನಮ್ಮವರು ಕನ್ನಡದ ಮಾತು ಕೂರಿಸಿ ಹಾಡಿಸಬೇಕಿತ್ತು. ಹಿಂದಿಯಲ್ಲಿ ನಾಲ್ಕಕ್ಷರಕ್ಕೆ ಮುಗಿಯುವ ಮಾತು ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದ ಎಲ್ಲ ಸೇರಿ ಏಳೆಂಟಕ್ಕೆ ಬೆಳೆಯುತ್ತದೆ. ಅದನ್ನು ಬಾಯಿಗೆ ಹಿತವಾಗುವಂತೆ ಇಳಿಸಿದ ಬರಹಗಾರರೂ, ಒಂದು ಮಧ್ಯಾಹ್ನದಲ್ಲಿ ನಾಲ್ಕು ಸರಕುಗಳಿಗೆ ದನಿ ಕೊಟ್ಟ ಗಾಯಕಿಯರೂ ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರ ಕೆಲಸವನ್ನು ಹೆಸರು ಸಮೇತ ದಾಖಲು ಮಾಡುವ ಕೆಲಸ ಬೇಗ ಆಗಬೇಕು. ಹಳೆಯ ಟೇಪುಗಳು ಬೂಷ್ಟು ಹಿಡಿಯುತ್ತಿವೆ.

ಎಪ್ಪತ್ತು-ಎಂಬತ್ತರ ದಶಕದ ಮುಂಬಯಿಯಲ್ಲಿ ಜಾಹೀರಾತು ಏಜೆನ್ಸಿಗಳು ಸಂಗೀತಗಾರರನ್ನು ನೌಕರಿಗೆ ಇಟ್ಟುಕೊಂಡಿರಲಿಲ್ಲ. ಸಂಯೋಜಕರು ಬಿಡಿಯಾಗಿ ದುಡಿಯುತ್ತಿದ್ದರು, ವಾದ್ಯಗಾರರು ಸಿನಿಮಾ ರೆಕಾರ್ಡಿಂಗ್ ನಡುವೆ ಬಿಡುವು ಮಾಡಿಕೊಂಡು ಬಂದು ನುಡಿಸಿ ಹೋಗುತ್ತಿದ್ದರು. ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ ಜಾಝ್ ನುಡಿಸುತ್ತಿದ್ದ ಲೂಯಿ ಬ್ಯಾಂಕ್ಸ್ ಮುಂಬಯಿಗೆ ಬಂದು ಜಿಂಗಲ್‌ಗಳಲ್ಲಿ, ಅಂದರೆ ಜಾಹೀರಾತಿನ ಪುಟ್ಟ ಹಾಡುಗಳಲ್ಲಿ, ನೆಲೆಯೂರಿದರು. ಮರಾಠಿಯ ಅಶೋಕ್ ಪತ್ಕಿ ಸಾವಿರಗಟ್ಟಲೆ ಜಿಂಗಲ್ ಮಾಡಿದರು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಬಂದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹಾಡಿನ ಸಂಗೀತದ ಹಿಂದೆ ಇದ್ದವರು ಈ ಇಬ್ಬರೇ. ಬರೆದವರು ಒಗಿಲ್ವಿ ಏಜೆನ್ಸಿಯ ಪೀಯೂಷ್ ಪಾಂಡೆ. ಗದಗಿನ ಮಣ್ಣಿನ ಭೀಮಸೇನ ಜೋಶಿಯವರ ಭೈರವಿಯಿಂದ ಆರಂಭವಾಗಿ, ಕನ್ನಡವೂ ಸೇರಿ ಹಲವು ಭಾಷೆಗಳನ್ನು ದಾಟಿ, ಎಲ್ಲೂ ಕತ್ತರಿಸಿ ಹೊಲಿದ ಹಾಗೆ ಕಾಣದೆ ಅದು ಮುಗಿಯುತ್ತದೆ. ಹತ್ತು ಸೆಕೆಂಡಿನಲ್ಲಿ ಒಂದು ಭಾವದಿಂದ ಇನ್ನೊಂದಕ್ಕೆ ಹೊರಳುವುದನ್ನು ವರ್ಷಗಟ್ಟಲೆ ಮಾಡಿದ ಕೈಗಳಿಗೆ ಮಾತ್ರ ಆಗುವ ಕೆಲಸ ಅದು ಎಂಬುದು ನನ್ನ ದೃಢ ನಂಬಿಕೆ.

ಅದೇ ಹೊತ್ತಿಗೆ ಮದ್ರಾಸಿನಲ್ಲಿ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಕೀಬೋರ್ಡ್ ನುಡಿಸಿ ಮನೆ ನಡೆಸುತ್ತಿದ್ದ ತರುಣನೊಬ್ಬ ಜಾಹೀರಾತಿಗೆ ಸಂಗೀತ ಮಾಡತೊಡಗಿದ್ದ. 1989ರಲ್ಲಿ ಮನೆಯಂಗಳದಲ್ಲೇ ಒಂದು ಸ್ಟುಡಿಯೋ ಕಟ್ಟಿಕೊಂಡ. ಲಿಯೋ ಕಾಫಿಯ ಜಾಹೀರಾತು ಹೆಸರು ತಂದಿತು. ಆ ದಿನಗಳಲ್ಲೇ ಚಿತ್ರ ನಿರ್ದೇಶಕ ಮಣಿರತ್ನಂ ಅವರ ಪರಿಚಯವಾಗಿ 1992ರಲ್ಲಿ ‘ರೋಜಾ’ ಬಂತು. ಆ ತರುಣನೇ ಎ.ಆರ್. ರೆಹಮಾನ್. ಅವರ ಆ ಹಾಡುಗಳ ಶಬ್ದ ಅಷ್ಟು ಹೊಸದಾಗಿ ಕೇಳಿಸಿದ್ದಕ್ಕೆ ಕಾರಣ ಹುಡುಕುವವರು ಆ ಜಿಂಗಲ್‌ಗಳನ್ನು ಮೊದಲು ಕೇಳಬೇಕು. ಪ್ರತಿ ವಾದ್ಯಕ್ಕೂ ಅದರದೇ ಜಾಗ, ಅನಗತ್ಯವಾದ ಒಂದು ತಂತಿಯೂ ಮಿಡಿಯದ ಮಿತ, ಎಲ್ಲ ಅಲ್ಲಿ ಕಲಿತದ್ದು. ಹತ್ತು ವರ್ಷದ ಮೇಲೆ, 2002ರಲ್ಲಿ, ಅವರು ಏರ್‌ಟೆಲ್‌ಗೆ ಮಾಡಿದ ಟ್ಯೂನು ಕೋಟಿಗಟ್ಟಲೆ ಫೋನುಗಳಲ್ಲಿ ರಿಂಗಾಯಿತು.

ಬೆಂಗಳೂರಿನ ಪಾಲೂ ಸಣ್ಣದಲ್ಲ. ಹೊಸೂರಿನಲ್ಲಿ ಕಾರ್ಖಾನೆ, ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡ ಗಡಿಯಾರ ಕಂಪನಿ ಟೈಟನ್ ತನ್ನ ಜಾಹೀರಾತಿಗೆ ಆರಿಸಿಕೊಂಡ ಸಂಗೀತ ಮೊಜಾರ್ಟ್ 1773ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಬರೆದ 25ನೇ ಸಿಂಫನಿಯದು. ಮೊಜಾರ್ಟ್ ಹೆಸರೇ ಕೇಳದ ಮನೆಗಳಲ್ಲೂ ಆ ಸ್ವರಗಳು ನೆಲೆಯೂರಿದವು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ, ರೇಡಿಯೋ ಸಿಟಿ, ಇಲ್ಲೇ ಶುರುವಾಯಿತು. ಆಮೇಲೆ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೂ ಜಯನಗರದ ಒಡವೆ ಅಂಗಡಿಗೂ ತಮ್ಮದೇ ಹಾಡು ಬೇಕೆನಿಸಿತು. ನಮ್ಮಂಥವರ ಅಡಿಗೆ ಮನೆಯ ಒಲೆ ಉರಿದದ್ದು ಆ ಬೇಡಿಕೆಯಿಂದ. ದಂತವೈದ್ಯಕೀಯ ಓದಿದ್ದ ರಿಕ್ಕಿ ಕೇಜ್ ಇದೇ ಊರಿನಲ್ಲಿ 3,000ಕ್ಕೂ ಹೆಚ್ಚು ಜಿಂಗಲ್ ಮಾಡಿ, ಅದರ ದುಡಿಮೆಯಲ್ಲೇ ತಮ್ಮ ಸಂಗೀತವನ್ನು ಸಾಕಿಕೊಂಡು, 2015ರಲ್ಲಿ ಗ್ರ್ಯಾಮಿ ಪಡೆದರು, ಮುಂದೆ ಇನ್ನೆರಡು ಬಾರಿಯೂ.

ಈಗ ಮೂವತ್ತು ಸೆಕೆಂಡೂ ಉದ್ದವಾಗಿದೆ. ಆಸ್ಟ್ರಿಯಾದ ವಾಲ್ಟರ್ ವೆರ್ಜೊವಾ 1994ರಲ್ಲಿ ಇಂಟೆಲ್‌ಗೆ ಮಾಡಿದ ಮೂರು ಸೆಕೆಂಡಿನ ಗುರುತು ಲೋಕವನ್ನೆಲ್ಲ ಸುತ್ತಿತು. ಹಣ ಪಾವತಿಯಾದಾಗ ಅಂಗಡಿಯ ಡಬ್ಬಿಯಿಂದ ಹೊರಡುವ ಸದ್ದೂ ಯಾರೋ ಮಾಡಿಕೊಟ್ಟದ್ದೇ.

ದುಡ್ಡಿನ ವಿಷಯ ಹೇಳದೆ ಈ ಇತಿಹಾಸ ಪೂರ್ತಿಯಾಗದು. ಅಮೆರಿಕದ ಬ್ಯಾರಿ ಮ್ಯಾನಿಲೋ 1971ರಲ್ಲಿ ಸ್ಟೇಟ್ ಫಾರ್ಮ್ ವಿಮಾ ಕಂಪನಿಗೆ ಟ್ಯೂನು ಮಾಡಿಕೊಟ್ಟು, ಅವರೇ ಹೇಳಿಕೊಂಡಂತೆ, 500 ಡಾಲರ್ ಪಡೆದರು. ಕಂಪನಿ ಅದನ್ನು ದಶಕಗಟ್ಟಲೆ ಬಳಸಿತು. ಅಲ್ಲಿ ಗಾಯಕರಿಗೆ ಸಂಘದ ಬಲದಿಂದ ಮರುಪ್ರಸಾರಕ್ಕೂ ಹಣ ಬರುತ್ತದೆ. ಅದಕ್ಕೇ ಎಷ್ಟೋ ಸಂಯೋಜಕರು ತಮ್ಮ ಜಿಂಗಲ್‌ನಲ್ಲಿ ತಾವೂ ಒಂದು ದನಿ ಸೇರಿಸುತ್ತಿದ್ದರು. ನಮ್ಮಲ್ಲಿ ಅದೂ ಇರಲಿಲ್ಲ. ಸುಪ್ರೀಂ ಕೋರ್ಟ್ 1977ರ ತೀರ್ಪಿನಲ್ಲಿ, ಹಣ ಕೊಟ್ಟು ಮಾಡಿಸಿಕೊಂಡ ಚಿತ್ರಸಂಗೀತದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರದು ಎಂದಿತು. ಸಾವಿರಾರು ಜಾಹೀರಾತುಗಳಿಗೆ ಜೀವ ತುಂಬಿದ ವನರಾಜ್ ಭಾಟಿಯಾ 2019ರಲ್ಲಿ, ತೊಂಬತ್ತು ದಾಟಿದ ಮೇಲೆ, ಮನೆಯ ಸಾಮಾನು ಮಾರಬೇಕಾಗಿ ಬಂದದ್ದನ್ನು ಪತ್ರಿಕೆಗಳು ಬರೆದವು. 2021ರ ಮೇ 7ರಂದು ತೀರಿಕೊಂಡರು. ಅವರ ಟ್ಯೂನುಗಳಿಂದ ಕಂಪನಿಗಳು ಕಂಡ ಲಾಭದ ನೂರರಲ್ಲಿ ಒಂದು ಪಾಲು ಬಂದಿದ್ದರೂ ಹೀಗಾಗುತ್ತಿರಲಿಲ್ಲ. ಅದನ್ನು ಓದಿದಾಗ ಆದ ಸಂಕಟ ನನಗೆ ಇನ್ನೂ ಹೋಗಿಲ್ಲ.

ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಸಂಯೋಜಕರಿಗೂ ಬರಹಗಾರರಿಗೂ ರಾಯಧನದ ಪಾಲು ಕೊಟ್ಟಿತು. ಅದಕ್ಕಾಗಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಹೋರಾಡಿದರು. ಜಾಹೀರಾತಿನ ಕಾಗದಗಳಲ್ಲಿ ಮಾತ್ರ ಈಗಲೂ ‘ಎಲ್ಲ ಮಾಧ್ಯಮ, ಎಲ್ಲ ದೇಶ, ಎಂದೆಂದಿಗೂ’ ಎಂಬ ಸಾಲು ಸಾಮಾನ್ಯ. ಬಿಲ್ಲು ಕೊಟ್ಟು ಮೂರು ತಿಂಗಳು ಕಾಯುವವನು ಆ ಸಾಲಿಗೆ ಸಹಿ ಹಾಕಿಬಿಡುತ್ತಾನೆ. ಈ ಕಸುಬಿಗೆ ಬರುವ ಹುಡುಗ ಹುಡುಗಿಯರಿಗೆ ಒಂದು ವಿಷಯ ತಿಳಿದಿರಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಎಷ್ಟು ಕಾಲಕ್ಕೆ ಕೊಟ್ಟಿರೆಂದು ಪತ್ರದಲ್ಲಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಎಲ್ಲಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ನನ್ನ ಜೊತೆ ಕೆಲಸ ಮಾಡುವ ಕಿರಿಯರು ಈಗ ದರಪಟ್ಟಿಯಲ್ಲೇ ಮೂರು ದರ ಬರೆದು ಕಳಿಸುತ್ತಾರೆ: ಕರ್ನಾಟಕಕ್ಕೆ ಒಂದು ವರ್ಷ, ಕರ್ನಾಟಕಕ್ಕೆ ಮೂರು ವರ್ಷ, ದೇಶಕ್ಕೆ ಐದು ವರ್ಷ. ಕೆಲವು ಗ್ರಾಹಕರು ಫೋನು ಇಟ್ಟುಬಿಡುತ್ತಾರೆ. ಆದರೆ ಎರಡನೆಯ ದರಕ್ಕೆ ಒಪ್ಪಿ ಮುಂಗಡ ಕಳಿಸುವವರೂ ಇದ್ದಾರೆ, ಮೂರು ವರ್ಷ ಕಳೆದ ಮೇಲೆ ಮತ್ತೆ ಫೋನು ಮಾಡಿ ಅವಧಿ ಮುಂದುವರಿಸಿದವರೂ ಇದ್ದಾರೆ.