ಶಿಕ್ಷಣದ ನಿರ್ಧಾರ ಎಲ್ಲಿ ಆಗುತ್ತದೆ?



ಶಾಸಕರು ಸದನದಲ್ಲಿ ಕುಳಿತು, ಚರ್ಚಿಸಿ, ಮತ ಹಾಕಿ ಶಿಕ್ಷಣ ನೀತಿಯನ್ನು ರೂಪಿಸುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ. ಮಕ್ಕಳ ಶಾಲಾಜೀವನವನ್ನು ಬದಲಿಸುವ ಅನೇಕ ನಿರ್ಧಾರಗಳು ಸದನದ ಹೊರಗೆ, ಸಂಪುಟ ಸಭೆಯಲ್ಲಿಯೋ ಇಲಾಖೆಯ ಆದೇಶದಲ್ಲಿಯೋ ಆಗಿಬಿಡುತ್ತವೆ. ಇದನ್ನರಿಯದ ಸಮಾಜ ತನ್ನ ಅಹವಾಲನ್ನು ಹೊತ್ತು ಮೀರಿದ ಮೇಲೆ ಒಯ್ಯುತ್ತದೆ.

1976ರ 42ನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. ಅಂದಿನಿಂದ ಕೇಂದ್ರವೂ ರಾಜ್ಯಗಳೂ ಈ ವಿಷಯದಲ್ಲಿ ಶಾಸನ ಮಾಡಬಹುದು. ಸಂಸತ್ತು ಅಂಗೀಕರಿಸಿದ 2009ರ ಶಿಕ್ಷಣ ಹಕ್ಕು ಕಾಯಿದೆಯು, ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು ವಿಧಿಸಿತು. ಆದರೆ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ ಒಂದು ಅಧಿಸೂಚನೆಯ ಮೂಲಕ ನಿಯಮವನ್ನು ತಿದ್ದಿ, ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದಿತು. ಅದೇ ವರ್ಷ ಜುಲೈನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಎರಡು ಸದನಗಳು ಕೊಟ್ಟುದನ್ನು ಒಂದು ಅಧಿಸೂಚನೆ ಕಿತ್ತುಕೊಳ್ಳಲು ಹೊರಟಿತ್ತು.

ರಾಷ್ಟ್ರೀಯ ಶಿಕ್ಷಣ ನೀತಿಗೆ 2020ರ ಜುಲೈ 29ರಂದು ಒಪ್ಪಿಗೆಯಿತ್ತದ್ದು ಕೇಂದ್ರ ಸಂಪುಟ. ಅದು ವಿಧೇಯಕವಾಗಿ ಸಂಸತ್ತಿನ ಮುಂದೆ ಬರಲಿಲ್ಲ. ಅದಕ್ಕೆ ಹಿಂದಿನ ವರ್ಷ ಕರಡು ಪ್ರಕಟವಾದಾಗ, ಹಿಂದಿಯನ್ನು ಕುರಿತ ವಾಕ್ಯಕ್ಕೆ ದಕ್ಷಿಣದಿಂದ, ವಿಶೇಷವಾಗಿ ತಮಿಳುನಾಡಿನಿಂದ, ಆಕ್ಷೇಪಗಳು ಬಂದವು. ಕೆಲವೇ ದಿನಗಳಲ್ಲಿ ಆ ವಾಕ್ಯ ಬದಲಾಯಿತು. ಮಹಾರಾಷ್ಟ್ರದಲ್ಲಿ ಒಂದನೆಯ ತರಗತಿಯಿಂದ ಹಿಂದಿಯನ್ನು ತಂದ 2025ರ ಏಪ್ರಿಲ್ ಆದೇಶವೂ, ಅದನ್ನು ಸಡಿಲಿಸಿದ ಜೂನ್ ಆದೇಶವೂ, ಅಧಿವೇಶನದ ಮುನ್ನಾದಿನವಾದ ಜೂನ್ 29ರಂದು ಹಿಂದೆ ಸರಿದವು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಯಿತು. ನಡುವೆ ಕೆಲಸ ಮಾಡಿದ್ದು ಜನರ ದನಿ.

ಶಾಸಕರು ಹೀಗೇಕೆ ನಡೆದುಕೊಳ್ಳುತ್ತಾರೆ? 1985ರ ಪಕ್ಷಾಂತರ ನಿಷೇಧ ಕಾನೂನಿನ ಬಳಿಕ ಪಕ್ಷದ ವಿಪ್ ಮೀರಿ ಮತ ಹಾಕುವವರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಮೇಲಾಗಿ ಚುನಾವಣೆ ಬರುವುದು ಐದು ವರ್ಷಕ್ಕೊಮ್ಮೆ. ಒಂದನೆಯ ತರಗತಿಗೆ ಸೇರಿದ ಮಗುವಿನ ಕಲಿಕೆಯ ಫಲ ಕಾಣುವುದು ಹತ್ತು ವರ್ಷಗಳ ನಂತರ. ಕಟ್ಟಡದ ಮೇಲೆ ಹೆಸರು ಕೆತ್ತಿಸಬಹುದು, ಅಕ್ಷರ ಕಲಿತ ಮಗುವಿನ ಮೇಲೆ ಕೆತ್ತಿಸಲಾಗದು. ಮತದಾರನೂ ಶಾಸಕರಲ್ಲಿಗೆ ಪ್ರವೇಶದ ಶಿಫಾರಸು ಪತ್ರಕ್ಕಾಗಿ ಹೋಗುತ್ತಾನೆಯೇ ಹೊರತು ಖಾಲಿಯಿರುವ ಶಿಕ್ಷಕರ ಹುದ್ದೆಯನ್ನು ಕೇಳಲು ಹೋಗುವುದು ಅಪರೂಪ. ಕೇಳಿದ್ದಕ್ಕೆ ತಕ್ಕ ಉತ್ತರವೇ ದೊರೆಯುತ್ತದೆ.

ಇಲ್ಲಿ ಜೈನ ಸಮಾಜ ತನ್ನನ್ನೂ ಪ್ರಶ್ನಿಸಿಕೊಳ್ಳಬೇಕು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪನ್ನು ಮರುಪರಿಶೀಲಿಸುವ ಅಗತ್ಯವಿದೆಯೇ ಎಂದು ಪ್ರಶ್ನೆಯೆತ್ತಿದೆ. ನ್ಯಾಯಾಲಯ ಏನೇ ಹೇಳಲಿ, ಬಡ ಮಗುವಿಗೆ ಸ್ಥಾನ ಕೊಡಲೇಬೇಕೆಂಬ ಒತ್ತಾಯ ತಪ್ಪಿದ ಮಾತ್ರಕ್ಕೆ, ಕೊಡಬಾರದೆಂಬ ನಿಷೇಧ ಹುಟ್ಟುವುದಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಹೇಳುವ ಪರಂಪರೆ, ವಿನಾಯಿತಿಯನ್ನು ಬಾಗಿಲಿಗೆ ಅಗುಳಿಯಾಗಿ ಬಳಸುವುದು ಸಲ್ಲದು.

ಆಗಬೇಕಾದ ಕೆಲಸಗಳು ಸ್ಪಷ್ಟ. ಯಾವುದೇ ಕರಡು ನಿಯಮ ಪ್ರಕಟವಾದೊಡನೆ ಹೊರನಾಡಿನ ಕನ್ನಡ ಸಂಘಗಳೂ ಜೈನ ಸಂಘಗಳೂ ಅದನ್ನು ಓದಿ, ಗಡುವಿನೊಳಗೆ ಲಿಖಿತ ಆಕ್ಷೇಪ ಸಲ್ಲಿಸಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಕೇಳುವ ಸಂವಿಧಾನದ 350ಎ ವಿಧಿಯನ್ನು ಶಾಸಕರಿಗೆ ನೆನಪಿಸಿ, ಸದನದಲ್ಲಿ ಪ್ರಶ್ನೆ ಕೇಳಿಸಬೇಕು. ಸಮಾಜದ ವಿಶ್ವಸ್ತ ಮಂಡಳಿಗಳು ತಮ್ಮ ಶಾಲೆಗಳಲ್ಲಿ ಬಡ ಮಕ್ಕಳಿಗೆ ಕೊಟ್ಟ ಸ್ಥಾನಗಳ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಬೇಕು. ಮನೆಯ ಲೆಕ್ಕ ಚೊಕ್ಕಟವಾಗಿರುವ ಸಮಾಜದ ಪ್ರಶ್ನೆಗೆ ಸದನದಲ್ಲಿಯೂ ತೂಕವಿರುತ್ತದೆ.

ಜೈ ಜಿನೇಂದ್ರ.