ಸಂಘದ ನೌಕರ ಮನಸ್ಸಿಟ್ಟು ದುಡಿಯುವುದು ಯಾವಾಗ?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ವರದಿಯಲ್ಲಿ ಈಗ ತಾನೇ ಕೇಳಿದ್ದೀರಿ. ಹಾಲೆಷ್ಟು ಬಂತು, ಬೋನಸ್ ಎಷ್ಟು ಹಂಚಿದೆವು, ಕಟ್ಟಡಕ್ಕೆ ಏನು ಖರ್ಚಾಯಿತು ಎಲ್ಲವೂ ಅದರಲ್ಲಿದೆ. ಅದರಲ್ಲಿ ಬರದೇ ಇರುವ ಒಂದು ಲೆಕ್ಕವಿದೆ. ವರ್ಷದ 365 ದಿನವೂ, ಯುಗಾದಿಯಾಗಲಿ ಊರಹಬ್ಬವಾಗಲಿ, ಕೋಳಿ ಕೂಗುವ ಹೊತ್ತಿಗೆ ಸಂಘದ ಬಾಗಿಲು ತೆಗೆಯುವವರು ನಮ್ಮ ಸಿಬ್ಬಂದಿ. ಅವರು ಮನಸ್ಸಿಟ್ಟು ದುಡಿಯೋದು ಯಾವಾಗ, ಕಾಟಾಚಾರಕ್ಕೆ ದುಡಿಯೋದು ಯಾವಾಗ? ಈ ವಿಷಯವಾಗಿ ಎರಡು ಮಾತು ಹೇಳಬೇಕೆಂದಿದ್ದೇವೆ.

ಇದು ಸಣ್ಣ ವಿಷಯವಲ್ಲ. ಪಟ್ಟಣದ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕುವ ಈ ಕಾಲದಲ್ಲಿ ಎರಡು ಹೊತ್ತೂ ನಿಂತು ಹಾಲು ಪರೀಕ್ಷೆ ಮಾಡುವ ಹುಡುಗರು ಸಿಕ್ಕುವುದು ಕಷ್ಟ. ಪರೀಕ್ಷಕನ ಕೈ ಸಡಿಲವಾದರೆ ಒಬ್ಬನ ನೀರುಹಾಲು ಎಲ್ಲರ ಹಾಲಿನ ಜೊತೆ ಸೇರುತ್ತದೆ. ಡೇರಿಯಲ್ಲಿ ಇಡೀ ಸಂಘದ ಹಾಲಿಗೆ ಗುಣಮಟ್ಟ ಕಡಿಮೆ ಎಂದು ಬರೆಯುತ್ತಾರೆ. ನಷ್ಟ ನಿಯತ್ತಾಗಿ ಹಾಕಿದವರಿಗೂ ತಟ್ಟುತ್ತದೆ.

ಈ ಪ್ರಶ್ನೆಯನ್ನು ನೂರು ವರ್ಷದಿಂದ ದೊಡ್ಡ ದೊಡ್ಡ ವಿದ್ವಾಂಸರು ಕೇಳಿಕೊಂಡು ಬಂದಿದ್ದಾರೆ. ಅಮೆರಿಕದ ಟೇಲರ್ ಎಂಬ ಇಂಜಿನಿಯರು 1911ರಲ್ಲಿ ಒಂದು ಪುಸ್ತಕ ಬರೆದರು. ಕೆಲಸವನ್ನು ಅಳತೆ ಮಾಡಿ, ಹೇಗೆ ಮಾಡಬೇಕೆಂದು ಕಲಿಸಿ, ಹೆಚ್ಚು ಮಾಡಿದವನಿಗೆ ಹೆಚ್ಚು ಕೂಲಿ ಕೊಡಿ ಎಂಬುದು ಅವರ ವಾದ. ಕಬ್ಬಿಣದ ಗಟ್ಟಿ ಹೊರುವ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದವನು 47 ಟನ್ ಹೊತ್ತ ಎಂದು ಅವರೇ ಬರೆದಿದ್ದಾರೆ. ಕೂಲಿ ಮಾತ್ರ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಹೊರೆ ಸುಮಾರು ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ! ಆಳನ್ನು ಎತ್ತಿನ ಹಾಗೆ ನೋಡಿದರೆ ಹೀಗೇ ಆಗೋದು. ಆದರೂ ಕೆಲಸಕ್ಕೆ ಒಂದು ಕ್ರಮ ಬೇಕು, ಕಲಿಸಿಕೊಡಬೇಕು ಎಂಬ ಅವರ ಮಾತು ಇವತ್ತಿಗೂ ಸರಿ.

ಆಮೇಲೆ ಶಿಕಾಗೋ ಹತ್ತಿರದ ಹಾಥಾರ್ನ್ ಎಂಬ ಟೆಲಿಫೋನ್ ಸಾಮಾನಿನ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದೆಯೇ ಅಂತ ನೋಡಲು ಹೊರಟರು. ಬೆಳಕು ಹೆಚ್ಚಿಸದ ಕಡೆಯೂ ಕೆಲಸ ಹೆಚ್ಚಿತು. ಕೆಲವು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಅವರ ಮಾತು ಕೇಳಿ, ವಿರಾಮ ಕೊಟ್ಟು ನೋಡಿದಾಗಲೂ ಹಾಗೇ. ನಮ್ಮನ್ನು ಗಮನಿಸುವವರಿದ್ದಾರೆ, ನಾವು ಒಂದು ಗುಂಪು ಎಂಬ ಭಾವನೆಯೇ ಕಾರಣವೆಂದು ಎಲ್ಟನ್ ಮೇಯೋ ಮುಂತಾದವರು ಹೇಳಿದರು. ಆ ಲೆಕ್ಕಗಳು ಅಷ್ಟು ಗಟ್ಟಿಯಲ್ಲವೆಂದು ಮುಂದೆ ಕೆಲವರು ತಕರಾರು ತೆಗೆದಿದ್ದಾರೆ, ಅದೂ ನಿಜ. ಆದರೆ ಆಳನ್ನು ಮನುಷ್ಯನಾಗಿ ನೋಡಬೇಕೆಂಬ ಯೋಚನೆಗೆ ಅಲ್ಲಿಂದ ಬಲ ಬಂತು.

1943ರಲ್ಲಿ ಮ್ಯಾಸ್ಲೊ ಎಂಬುವರು ಮನುಷ್ಯನ ಬೇಕುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು. ಮೊದಲು ಅನ್ನ ನೀರು, ಆಮೇಲೆ ಭದ್ರತೆ, ಆಮೇಲೆ ಪ್ರೀತಿ ಬಾಂಧವ್ಯ, ಆಮೇಲೆ ಮರ್ಯಾದೆ, ಕೊನೆಗೆ ತನ್ನ ಶಕ್ತಿಯೆಲ್ಲ ಅರಳಬೇಕೆಂಬ ಆಸೆ. ಈ ಮೆಟ್ಟಿಲುಗಳು ಎಲ್ಲರಿಗೂ ಒಂದೇ ಸಾಲಿನಲ್ಲಿ ಇರುವುದಿಲ್ಲ. ಹೊಟ್ಟೆಗೆ ಕಡಿಮೆಯಾದರೂ ಮರ್ಯಾದೆ ಬಿಡದವರು ನಮ್ಮ ಊರಲ್ಲೇ ಇದ್ದಾರಲ್ಲ!

ನಮಗೆ ಬಹಳ ಹಿಡಿಸಿದ್ದು ಹರ್ಜ್‌ಬರ್ಗ್ ಹೇಳಿದ್ದು. ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಜನ ಇಂಜಿನಿಯರು, ಲೆಕ್ಕಿಗರನ್ನು ವಿಚಾರಿಸಿ ಅವರ ತಂಡ 1959ರಲ್ಲಿ ಪುಸ್ತಕ ತಂದಿತು. ಕೆಲಸದಲ್ಲಿ ಯಾವಾಗ ಖುಷಿಯಾಯಿತು, ಯಾವಾಗ ಬೇಜಾರಾಯಿತು ಹೇಳಿ ಎಂದು ಕೇಳಿದರು. ಬೇಜಾರಿಗೆ ಕಾರಣ ಬೇರೆ, ಖುಷಿಗೆ ಕಾರಣ ಬೇರೆ ಎಂದು ತೋರಿತು. ಸಂಬಳ, ಮೇಲಿನವರ ವರ್ತನೆ, ಕೆಲಸದ ಜಾಗ, ಆಡಳಿತದ ರೀತಿ ಇವು ಕೆಟ್ಟರೆ ಬೇಜಾರು. ಇವನ್ನು ಸರಿಪಡಿಸಿದರೆ ಬೇಜಾರು ಹೋಗುತ್ತದೆ, ಅಷ್ಟೇ. ಉತ್ಸಾಹ ತಾನಾಗಿ ಬರುವುದಿಲ್ಲ. ಉತ್ಸಾಹ ಬರೋದು ಸಾಧಿಸಿದೆ ಎಂಬ ತೃಪ್ತಿಯಿಂದ, ನಾಲ್ಕು ಜನ ಗುರುತಿಸಿದ್ದರಿಂದ, ಜವಾಬ್ದಾರಿ ಕೊಟ್ಟಿದ್ದರಿಂದ.

ಹಸುವಿನ ಲೆಕ್ಕದಲ್ಲಿ ಹೇಳ್ತೇವೆ. ಕೊಟ್ಟಿಗೆ ಗಲೀಜಾಗಿದ್ದರೆ ಹಸುವಿಗೆ ಕೆಚ್ಚಲುಬಾವು ಬರುತ್ತದೆ. ಕೊಟ್ಟಿಗೆ ತೊಳೆದರೆ ರೋಗ ದೂರ, ಆದರೆ ತೊಳೆದ ಮಾತ್ರಕ್ಕೆ ಹಾಲು ಹೆಚ್ಚುವುದಿಲ್ಲ, ಹಸಿರು ಮೇವು ಹಾಕಬೇಕು. ಹಾಗೆಂದು ಮೇವು ಹಾಕುತ್ತೇವೆ, ಕೊಟ್ಟಿಗೆ ತೊಳೆಯುವುದಿಲ್ಲ ಅನ್ನಲೂ ಆಗದು. ಸಂಬಳ ತಿಂಗಳು ತಿಂಗಳು ಕೊಡದೆ ಶಾಲು ಹೊದಿಸಿದರೆ ಏನು ಬಂತು?

ಆಡಮ್ಸ್ ಎಂಬುವರು 1963ರಲ್ಲಿ ಹೇಳಿದ್ದನ್ನು ನಮ್ಮ ಹೆಂಗಸರು ಮೊದಲೇ ಬಲ್ಲರು. ಮನುಷ್ಯ ತನಗೆ ಎಷ್ಟು ಸಿಕ್ಕಿತು ಅಂತ ಮಾತ್ರ ನೋಡುವುದಿಲ್ಲ, ಪಕ್ಕದವನ ದುಡಿಮೆಗೆ ಎಷ್ಟು ಸಿಕ್ಕಿತು ಅಂತಲೂ ನೋಡುತ್ತಾನೆ. ಒಂದೇ ಪಂಕ್ತಿಯಲ್ಲಿ ಪರಪಂಕ್ತಿ ಮಾಡಿದರೆ ಹೋಳಿಗೆಯೂ ಕಹಿ.

ಇನ್ನು ಮುಂದಾಳತ್ವದ ಮಾತು. ಮೆಕ್‌ಗ್ರೆಗರ್ 1960ರಲ್ಲಿ ಎರಡು ನಂಬಿಕೆಗಳನ್ನು ಎದುರು ಬದುರು ಇಟ್ಟರು. ಆಳುಗಳು ಸೋಮಾರಿಗಳು, ಬೆನ್ನ ಹಿಂದೆ ನಿಲ್ಲದಿದ್ದರೆ ಮಾಡಲ್ಲ ಎಂಬುದು ಒಂದು. ಮನುಷ್ಯನಿಗೆ ಕೆಲಸ ಸಹಜ, ಒಪ್ಪಿಕೊಂಡ ಗುರಿಗೆ ತಾನೇ ದುಡಿಯುತ್ತಾನೆ ಎಂಬುದು ಇನ್ನೊಂದು. ಇದಕ್ಕೂ ಮೊದಲೇ, 1939ರ ಸುಮಾರಿಗೆ ಕರ್ಟ್ ಲೆವಿನ್ ಮತ್ತು ಜೊತೆಯವರು ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ಮೂರು ಬಗೆಯ ನಾಯಕರನ್ನು ನೇಮಿಸಿ ನೋಡಿದ್ದರು. ಒಬ್ಬ ದರ್ಬಾರು ಮಾಡುವವನು, ಒಬ್ಬ ಕೂಡಿ ಮಾತಾಡಿ ತೀರ್ಮಾನಿಸುವವನು, ಒಬ್ಬ ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಿರುವವನು. ದರ್ಬಾರಿನವನು ಕೋಣೆ ಬಿಟ್ಟು ಹೊರಗೆ ಹೋದರೆ ಹುಡುಗರ ಕೆಲಸ ಬಿದ್ದುಹೋಗುತ್ತಿತ್ತು. ಕೂಡಿ ಮಾಡುವವನು ಹೋದರೂ ಕೆಲಸ ನಡೆಯುತ್ತಿತ್ತು. ಸುಮ್ಮನಿದ್ದವನ ಗುಂಪಿನಲ್ಲಿ ಕೆಲಸ ಸಾಗಿದ್ದು ಕಡಿಮೆ. ನಿರ್ದೇಶಕರಾದ ನಾವು ಸಂಘದಲ್ಲಿ ಇರುವುದು ಮೀಟಿಂಗಿನ ದಿನ. ಉಳಿದ ದಿನ ಕೆಲಸ ನಡೆಯಬೇಕಾದರೆ ಯಾವ ದಾರಿ ಎಂದು ನೀವೇ ಹೇಳಿ.

ನಮ್ಮ ಹಾಲಿನ ಲೋಕದಲ್ಲೇ ಇದಕ್ಕೆ ಉದಾಹರಣೆಯಿದೆ. 1946ರಲ್ಲಿ ಗುಜರಾತಿನ ಆನಂದ್‌ನಲ್ಲಿ ರೈತರ ಹಾಲು ಒಕ್ಕೂಟ ಶುರುವಾಯಿತು. ಅಧ್ಯಕ್ಷರು ತ್ರಿಭುವನದಾಸ್ ಪಟೇಲರು. ಕುರಿಯನ್ ಎಂಬ ಕೇರಳದ ಇಂಜಿನಿಯರು 1949ರಲ್ಲಿ ಸರ್ಕಾರಿ ಕೆಲಸದ ಮೇಲೆ ಆ ಊರಿಗೆ ಬಂದವರು, ಯಾವಾಗ ಬಿಟ್ಟುಹೋಗಲಿ ಅಂತಿದ್ದರು. ಪಟೇಲರು ಅವರನ್ನು ಸ್ವಲ್ಪ ಕಾಲ ನಿಲ್ಲಿ ಎಂದು ಕೇಳಿಕೊಂಡು, ಯಂತ್ರದ ಕೆಲಸ ವಹಿಸಿದರು. ರೈತರನ್ನು ಸಂಘಟಿಸುವ ರಾಜಕೀಯ ಭಾರ ತಾವು ಹೊತ್ತು, ಡೇರಿ ನಡೆಸುವ ಕೆಲಸವನ್ನು ಅವರಿಗೆ ಪೂರ್ತಿ ಬಿಟ್ಟರು. 1955ರಲ್ಲಿ ಅಲ್ಲಿ ಎಮ್ಮೆ ಹಾಲಿನಿಂದ ಪುಡಿ ಮಾಡುವ ಕಾರ್ಖಾನೆ ಶುರುವಾಯಿತು. 1963ರಲ್ಲಿ ಇಬ್ಬರಿಗೂ, ಮುಂಬಯಿಯ ಖುರೋಡಿಯವರೊಂದಿಗೆ, ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಾನು ರೈತರ ನೌಕರ ಎಂದು ಕುರಿಯನ್ ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಂಡರು. ನೌಕರ ಅಂತ ಹೇಳಿಕೊಳ್ಳೋದು ಹೆಮ್ಮೆಯಾಗುವ ಹಾಗೆ ಆ ರೈತರು ನಡೆದುಕೊಂಡಿದ್ದರು, ಇದನ್ನು ಮರೆಯಬಾರದು.

ಬಂಧುಗಳೇ, ಇಷ್ಟೆಲ್ಲಾ ಹೇಳಿದ ಮೇಲೆ ನಾವು ಮಾಡಬೇಕಾದ್ದೇನು? ಒಂದು, ಸಂಬಳವನ್ನು ಗೊತ್ತಾದ ದಿನ ಕೊಡೋಣ, ಬೋನಸ್ ಹಂಚುವಾಗ ಸಿಬ್ಬಂದಿಯ ಪಾಲನ್ನು ಚೌಕಾಸಿ ಮಾಡದೆ ಕೊಡೋಣ. ಎರಡು, ಪರೀಕ್ಷಕನಿಗೆ ವಾರಕ್ಕೊಂದು ದಿನ ಬಿಡುವು ಸಿಗುವಂತೆ ಇನ್ನೊಬ್ಬರಿಗೆ ಕೆಲಸ ಕಲಿಸೋಣ. ಮೂರು, ಫ್ಯಾಟ್ ಕಡಿಮೆ ಬಂದರೆ ಸಾಲಿನಲ್ಲಿ ನಿಂತು ಕೂಗಾಡುವುದು ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು. ಮೇವು ಕಡಿಮೆಯಾಗಿದ್ದರೆ ಯಂತ್ರವೇನು ಮಾಡೀತು? ಅನುಮಾನವಿದ್ದರೆ ಎದುರಿಗೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಅದು ಸದಸ್ಯರ ಹಕ್ಕು. ನಾಲ್ಕು, ನಿರ್ದೇಶಕರ ಮನೆಯ ಹಾಲಿಗೂ ಬಡವಿಯ ಮನೆಯ ಹಾಲಿಗೂ ಒಂದೇ ಅಳತೆ. ಪರೀಕ್ಷಕ ನಮ್ಮ ಹಾಲನ್ನೇ ವಾಪಸ್ ಕಳಿಸಿದ ದಿನ ಆಡಳಿತ ಮಂಡಳಿ ಅವನ ಬೆನ್ನಿಗೆ ನಿಲ್ಲಬೇಕು. ಅವತ್ತು ನಾವು ನಿಲ್ಲದಿದ್ದರೆ ಮಾರನೆಯ ದಿನದಿಂದ ಅವನು ಯಾರ ಹಾಲನ್ನೂ ವಾಪಸ್ ಕಳಿಸುವುದಿಲ್ಲ.

 ಇಪ್ಪತ್ತೈದು ವರ್ಷ ನಮ್ಮ ಹಾಲನ್ನು ಕಾದ ಸಿಬ್ಬಂದಿಗೆ ಇಲ್ಲಿಂದಲೇ ಕೈಮುಗಿಯುತ್ತೇವೆ. ಜೈ ಸಹಕಾರ, ಜೈ ಕರ್ನಾಟಕ.